ಉಮ್ ವರಕಾ ಬರೆದ ಚೀಟಿ

ಆಸ್ಪತ್ರೆಯ ಕಡತ ವಿಭಾಗಕ್ಕೆ ಹೊಸದಾಗಿ ಸೇರಿದವರಿಗೆ ನಾನು ಮೊದಲ ದಿನವೇ ಹೇಳುತ್ತಿದ್ದ ಮಾತು ಒಂದಿತ್ತು: ನಂಬರ್ ಇಲ್ಲದ ಕಾಗದ ಕಾಗದವೇ ಅಲ್ಲ. ಅಬುಧಾಬಿಯ ಹಮ್ದಾನ್ ಸ್ಟ್ರೀಟಿನ ಹಿಂಬದಿಯ ಒಂದು ಖಾಸಗಿ ಆಸ್ಪತ್ರೆಯಲ್ಲಿ ಇಪ್ಪತ್ತೊಂಬತ್ತು ವರ್ಷ ಈ ಮಾತು ಹೇಳಿದೆ. ಕೇರಳದ ಹುಡುಗಿಯರು, ಫಿಲಿಪ್ಪೀನಿನವರು, ನಮ್ಮೂರ ಕಡೆಯವರು, ಎಲ್ಲರೂ ಅದನ್ನು ಬರೆದುಕೊಂಡರು. ಅವರಲ್ಲಿ ಕೆಲವರು ಈಗ ಬೇರೆ ಆಸ್ಪತ್ರೆಗಳಲ್ಲಿ ತಮ್ಮ ಕೈಕೆಳಗಿನವರಿಗೆ ಅದನ್ನೇ ಹೇಳುತ್ತಿದ್ದಾರೆ ಎಂದು ಕೇಳಿದ್ದೇನೆ. ದಯವಿಟ್ಟು ನಿಲ್ಲಿಸಿ. ಅದನ್ನು ಹೇಳುವುದಕ್ಕಾಗಿಯೇ ಇದನ್ನು ಬರೆಯುತ್ತಿದ್ದೇನೆ.

ನಾನು ಕಿನ್ನಿಗೋಳಿ ಕಡೆಯವಳು. ಕನ್ಯಾಸ್ತ್ರೀಯರ ಬೋರ್ಡಿಂಗಿನಲ್ಲಿ ಬೆಳೆದೆ. ಐದಕ್ಕೆ ಗಂಟೆ, ಐದೂಕಾಲಕ್ಕೆ ಸಾಲು, ಐದೂವರೆಗೆ ಪೂಜೆ. ಹಾಸಿಗೆಯ ಚಾದರದ ಮೂಲೆಗಳನ್ನು ಲಕೋಟೆಯ ಹಾಗೆ ಮಡಚದಿದ್ದರೆ ತಿಂಡಿಯಿಲ್ಲ. ಬೇರೆ ಹುಡುಗಿಯರು ಅತ್ತರು. ನನಗೆ ಅದು ಹಿಡಿಸಿತು. ಕಡತ ವಿಭಾಗವೂ ಹಾಗೆಯೇ ಹಿಡಿಸಿತು. ರೋಗಿಗೊಂದು ನಂಬರ್, ನಂಬರಿಗೊಂದು ಫೈಲು, ಫೈಲಿಗೊಂದು ಜಾಗ. ಬೆಳಿಗ್ಗೆ ಏಳಕ್ಕೆ ಕಪಾಟಿನ ಬೀಗ ತೆಗೆಯುವಾಗ ನನಗೆ ಆಗುತ್ತಿದ್ದ ಸಂತೋಷವನ್ನು ಯಾರಿಗೂ ಹೇಳಿಲ್ಲ, ನಗುತ್ತಾರೆಂದು.

ಮೊದಲ ವರ್ಷವೇ ಒಂದು ತಪ್ಪು ಮಾಡಿದ್ದೆ. ಒಂದೇ ಹೆಸರಿನ ಇಬ್ಬರು ರೋಗಿಗಳು ಒಂದೇ ದಿನ ಬಂದಿದ್ದರು. ಇಬ್ಬರೂ ಮೊಹಮ್ಮದ್ ಅಬ್ದುಲ್ಲಾ. ನಾನು ನಂಬರ್ ನೋಡದೆ ಹೆಸರು ನೋಡಿ ಫೈಲು ಕಳಿಸಿದೆ. ಒಬ್ಬರಿಗೆ ಪೆನ್ಸಿಲಿನ್ ಆಗುತ್ತಿರಲಿಲ್ಲ; ಅವರ ಫೈಲು ಇನ್ನೊಬ್ಬರಿಗೆ, ಇನ್ನೊಬ್ಬರದ್ದು ಅವರಿಗೆ. ಸೂಜಿ ಚುಚ್ಚುವ ಮೊದಲು ನರ್ಸ್ ಒಬ್ಬಳು ಮತ್ತೊಮ್ಮೆ ಕೇಳಿದ್ದರಿಂದ ಜೀವ ಉಳಿಯಿತು. ನಮ್ಮ ವಿಭಾಗದ ಮುಖ್ಯಸ್ಥರು ಆಗ ಸುಡಾನಿನ ಕಾಮಿಲ್ ಸಾಹೇಬರು. ಬಯ್ಯಲಿಲ್ಲ. ಎರಡೂ ಫೈಲುಗಳನ್ನು ನನ್ನ ಎರಡು ಕೈಯಲ್ಲಿ ಇಟ್ಟು ಒಂದು ಗಂಟೆ ಮೇಜಿನ ಎದುರು ನಿಲ್ಲಿಸಿದರು. ಕೊನೆಗೆ ಹೇಳಿದರು: “ಹೆಸರು ದೇವರಿಗೆ, ಮಿಸೆಸ್ ಸಿಸಿಲಿಯಾ. ನಂಬರ್ ನಮಗೆ.”

ಆ ದಿನದಿಂದ ನಾನು ಹೆಸರು ನೋಡುವುದನ್ನೇ ಬಿಟ್ಟೆ.

ಆಮೇಲೆ ಕಂಪ್ಯೂಟರ್ ಬಂತು. ಹಳೆಯ ಫೈಲುಗಳನ್ನು ಸ್ಕ್ಯಾನ್ ಮಾಡಿ, ಮೂಲ ಪ್ರತಿಗಳನ್ನು ಜೆಬೆಲ್ ಅಲಿಯ ಬಾಡಿಗೆ ಗೋಡೌನಿಗೆ ಕಳಿಸಿ, ಅವಧಿ ಮುಗಿದದ್ದನ್ನು ಯಂತ್ರಕ್ಕೆ ಹಾಕಿ ನಾಶ ಮಾಡುವ ಪದ್ಧತಿ ಬಂತು. ನಾಶ ಮಾಡಿದ್ದಕ್ಕೆ ಒಂದು ಪ್ರಮಾಣಪತ್ರ, ಅದರ ಮೇಲೆ ನನ್ನ ಸಹಿ. ಗೋಡೌನಿನ ಉಸ್ತುವಾರಿ ಉಳ್ಳಾಲದ ಹಮೀದ್ ಬ್ಯಾರಿಯದ್ದು. ಆತ ಈ ಕೆಲಸಕ್ಕೆ ಬರುವ ಮೊದಲು ಅಲ್ಲಿನವರೇ ಆದ ಒಂದು ಎಮಿರಾತಿ ಮನೆಯಲ್ಲಿ ಹದಿನೆಂಟು ವರ್ಷ ಡ್ರೈವರ್ ಆಗಿದ್ದವನು. ಅವರ ಅರಬ್ಬಿಯನ್ನು ಅವರ ಹಾಗೆಯೇ ಮಾತಾಡುತ್ತಿದ್ದ. ಆಸ್ಪತ್ರೆಯಲ್ಲಿ ಕರಾವಳಿಯವರಿಗೆಲ್ಲ ನಾನು ಸಿಸಿಲಿ ಬಾಯಿ. ಹಮೀದನಿಗೆ ಮಾತ್ರ ಬಾಯಮ್ಮ. ನಾನು ಅವನನ್ನು ಬ್ಯಾರೀ ಎಂದೇ ಕರೆಯುತ್ತಿದ್ದೆ. ವಾರಕ್ಕೊಮ್ಮೆ ಜಗಳವಾಡುತ್ತಿದ್ದೆವು, ಹೆಚ್ಚಾಗಿ ಧೂಳಿನ ವಿಷಯಕ್ಕೆ.

ನಿವೃತ್ತಿಗೆ ಮೂರು ವರ್ಷ ಇರುವಾಗ ಹನ್ನೊಂದು ರಟ್ಟಿನ ಪೆಟ್ಟಿಗೆಗಳು ನಮ್ಮ ಪಾಲಿಗೆ ಬಂದವು. ಕಡಲ ಬದಿಯ ಒಂದು ಸಣ್ಣ ಊರಿನಲ್ಲಿ ಹಿಂದೆ ಮಿಷನ್ ಕ್ಲಿನಿಕ್ ಒಂದಿತ್ತಂತೆ. ಎಣ್ಣೆಯ ದುಡ್ಡು ಬರುವ ಮೊದಲಿನ ಮಾತು. ಅದು ಮುಚ್ಚಿದ ಮೇಲೆ ಅದರ ಕಾಗದಗಳು ಕೈಯಿಂದ ಕೈಗೆ ದಾಟಿ, ನಮ್ಮ ಆಸ್ಪತ್ರೆಯವರು ಕೊಂಡ ಹಳೆ ಕಟ್ಟಡವೊಂದರ ಜೊತೆ ನಮ್ಮ ಗೋಡೌನು ಸೇರಿದವು. ಹತ್ತು ಪೆಟ್ಟಿಗೆಗಳಲ್ಲಿ ನಂಬರ್ ಇದ್ದ ಕಾರ್ಡುಗಳಿದ್ದವು. ಅವನ್ನು ಸ್ಕ್ಯಾನಿಗೆ ಕಳಿಸಿದೆ. ಹನ್ನೊಂದನೆಯದರಲ್ಲಿ ಮೂರು ಉದ್ದನೆಯ ರಿಜಿಸ್ಟರುಗಳಿದ್ದವು. ಎಲ್ಲವೂ ಪೆನ್ಸಿಲಿನಲ್ಲಿ, ಇಂಗ್ಲಿಷಿನಲ್ಲಿ, ಒಂದೇ ಕೈಬರಹ. ಮೊದಲ ಪುಟದಲ್ಲಿ ‘ಮಿಸ್ ಎಡಿತ್’ ಎಂಬ ಹೆಸರು. ಅದರ ಕೆಳಗೆ ಒಂದು ಸಾಲು: ‘ಒಂದು ಇಲ್ಲಿ, ಒಂದು ತಾಯಿಗೆ.’

ಆ ಸಾಲನ್ನು ನಾನು ಓದಿದೆ. ಓದಿ ಪುಟ ಮಗುಚಿದೆ.

ಒಳಗೆ ಹೆರಿಗೆಗಳು. ನಂಬರ್ ಇಲ್ಲ. ತಾಯಂದಿರ ಹೆಸರು ನೋಡಿದರೆ ಫಾತಿಮಾ, ಆಯಿಷಾ, ಫಾತಿಮಾ, ಫಾತಿಮಾ. ತೇದಿ ಕೆಲವಕ್ಕೆ ಇತ್ತು. ಗುಡಾರದಲ್ಲಿ ಹೆತ್ತು ಆಮೇಲೆ ತಂದ ಮಕ್ಕಳಿಗೆ ‘ಖರ್ಜೂರ ಕೊಯ್ದ ಮೂರನೇ ದಿನ’, ‘ದೊಡ್ಡ ಗಾಳಿಯ ಮಾರನೇ ದಿನ’ ಎಂದು ಬರೆದಿತ್ತು. ಪ್ರತಿ ಹೆಸರಿನ ಪಕ್ಕದಲ್ಲಿ ಒಂದು ಚಿತ್ರ: ಒಂದು ಕೊಕ್ಕೆ, ಎರಡು ಗೆರೆ ಮತ್ತು ಒಂದು ಸೊನ್ನೆ, ಬಾಗಿದ ಶಿಲುಬೆಯಂಥದ್ದು. ಕೊನೆಯ ಅಂಕಣದಲ್ಲಿ ‘ಕೇಳಿದಳು’ ಅಥವಾ ‘ಕೇಳಲಿಲ್ಲ’. ಅಂದರೆ ಸುವಾರ್ತೆ ಓದಿದಾಗ ಕೇಳಿದಳೋ ಇಲ್ಲವೋ. ಕೆಲವು ಹೆಸರುಗಳ ಅಂಚಿನಲ್ಲಿ ಸಣ್ಣ ಸಣ್ಣ ನಿಂತ ಗೆರೆಗಳು. ಕೆಲವು ಕಡೆ ಎರಡು, ಕೆಲವು ಕಡೆ ಮೂರು, ಹೆಚ್ಚಿನ ಕಡೆ ನಾಲ್ಕು. ನಾಲ್ಕು ಗೆರೆ ನಿಲ್ಲಿಸಿ ಐದನೆಯದನ್ನು ಅಡ್ಡ ಎಳೆಯುವುದು ಎಣಿಸುವವರ ಕ್ರಮ. ಈ ಮೂರು ರಿಜಿಸ್ಟರುಗಳಲ್ಲಿ ನಾನು ನೋಡಿದಷ್ಟು ಪುಟಗಳಲ್ಲಿ ಒಂದೇ ಒಂದು ಅಡ್ಡಗೆರೆ ಇರಲಿಲ್ಲ. ಎಣಿಸುವುದಕ್ಕೂ ಸರಿಯಾಗಿ ಬಾರದ ಮಿಷನರಿ ಎಂದು ನಾನು ನಕ್ಕದ್ದು ಚೆನ್ನಾಗಿ ನೆನಪಿದೆ.

ಹಮೀದ್ ನನ್ನ ಹೆಗಲ ಮೇಲಿಂದ ಇಣುಕಿದ.

“ಬಾಯಮ್ಮ, ಇದು ವಸ್ಮ್ ಮಾರಾಯ್ರೆ. ಒಂಟೆಗೆ ಸುಡುವ ಗುರ್ತು. ಒಂದೊಂದು ಮನೆತನಕ್ಕೆ ಒಂದೊಂದು. ಆಗ ಇವರಿಗೆ ಅಡ್ರೆಸ್ ಎಲ್ಲಿತ್ತು? ಇದೇ ಅಡ್ರೆಸ್. ಇದನ್ನ ಯಂತ್ರಕ್ಕೆ ಹಾಕ್ಬೇಡಿ.”

“ನಂಬರ್ ಉಂಟಾ ಬ್ಯಾರೀ?”

“ನಂಬರ್ ಇಲ್ಲ. ಆದ್ರೆ ಇದು...”

“ಒಂಟೆಗೆ ಫೈಲು ಮಾಡುವ ಆಸ್ಪತ್ರೆ ಬೇರೆ ಉಂಟು. ಅಲ್ಲಿಗೆ ಕೊಂಡುಹೋಗು.”

ಗೋಡೌನಿನ ಹುಡುಗರೆಲ್ಲ ನಕ್ಕರು. ಹಮೀದನೂ ನಕ್ಕ, ಆದರೆ ರಿಜಿಸ್ಟರನ್ನು ಕೂಡಲೇ ಕೈಬಿಡಲಿಲ್ಲ. “ಒಂದು ಫೋಟೊ ಆದ್ರೂ ತೆಗಿಯುವನಾ?” ಎಂದ. ಸಮಯವಿಲ್ಲ ಎಂದೆ. ನಿಜ ಹೇಳಬೇಕೆಂದರೆ ಸಮಯ ಇತ್ತು. ನಾನು ಕಥೊಲಿಕ್, ಆ ಹೆಂಗಸು ಪ್ರೊಟೆಸ್ಟೆಂಟ್ ಮಿಷನಿನವರು. ಮಗು ಹೆತ್ತು ಮಲಗಿದವಳ ಎದುರು ಬೈಬಲ್ ಓದಿ, ಅವಳು ಕೇಳಿದಳೋ ಇಲ್ಲವೋ ಎಂದು ಗುರುತು ಹಾಕಿಕೊಳ್ಳುವುದು ನನಗೆ ಇಷ್ಟವಾಗಿರಲಿಲ್ಲ. ಆ ಅಂಕಣವೇ ನನ್ನ ಕಣ್ಣಿಗೆ ಬಿದ್ದದ್ದು. ಉಳಿದದ್ದನ್ನು ನಾನು ನೋಡಲೇ ಇಲ್ಲ.

ನಾಶ ಮಾಡುವಾಗ ಕೊನೆಯ ಹಾಳೆಯವರೆಗೆ ನಿಂತು ನೋಡಬೇಕೆಂಬುದು ನಾನೇ ಮಾಡಿದ ನಿಯಮ. ನಿಂತು ನೋಡಿದೆ. ಪೆನ್ಸಿಲಿನ ಬರಹ ಬೂದು ಬಣ್ಣದ ಎಳೆಗಳಾಗಿ ಚೀಲಕ್ಕೆ ಬಿತ್ತು. ಸಹಿ ಹಾಕಿದೆ.

ಹದಿನಾಲ್ಕು ತಿಂಗಳಾದ ಮೇಲೆ ಒಂದು ಮಂಗಳವಾರ ಬೆಳಿಗ್ಗೆ ಒಬ್ಬ ಎಮಿರಾತಿ ನನ್ನ ಕೌಂಟರಿಗೆ ಬಂದರು. ಐವತ್ತು ದಾಟಿದವರು, ಬಿಳಿ ಕಂದೂರಾ ನಿಲುವಂಗಿ, ಬಂದರಿನಲ್ಲಿ ಕೆಲಸವಂತೆ. ಹೆಸರು ಸಯೀದ್. ಹಿಂದಿಯಲ್ಲಿ ನಿಧಾನವಾಗಿ ಕೇಳಿದರು: ಹಳೆಯ ಮಿಷನ್ ಕ್ಲಿನಿಕ್ಕಿನ ಪುಸ್ತಕಗಳು ನಿಮ್ಮಲ್ಲಿ ಇವೆಯಂತೆ, ಹೌದೇ?

ಯಾವ ನಂಬರ್ ಎಂದು ಕೇಳಿದೆ. ಅಭ್ಯಾಸ.

“ನಂಬರ್ ಇಲ್ಲ. ಉಮ್ ವರಕಾಳ ಪುಸ್ತಕ,” ಎಂದರು.

ಆ ಹೆಸರು ನಾನು ಮೊದಲ ಬಾರಿ ಕೇಳಿದ್ದು ಆಗ. ಅಂದು ಹಮೀದ್ ಪೆಟ್ಟಿಗೆಗಳನ್ನು ಇಳಿಸಲು ಬಂದಿದ್ದ. ಕರೆದು ಕೂರಿಸಿದೆ. ಸಯೀದ್ ಅರಬ್ಬಿಯಲ್ಲಿ ಹೇಳುತ್ತ ಹೋದರು, ಹಮೀದ್ ನನಗೆ ಹೇಳುತ್ತ ಬಂದ. ಸ್ವಲ್ಪ ಹೊತ್ತಿನಲ್ಲಿ ಹಮೀದನ ಮುಖ ಬದಲಾಯಿತು. ಅನುವಾದ ನಿಲ್ಲಿಸಿ ನನ್ನನ್ನು ನೋಡಿದ.

“ಎಂತ ಬ್ಯಾರೀ? ಹೇಳು.”

“ಬಾಯಮ್ಮ, ಇವರ ಸಂಸಾರವೇ ನಿಂತಿದೆ ಆ ಪುಸ್ತಕದ ಮೇಲೆ.”

ವಿಷಯ ಇದು. ಸಯೀದರ ಹೆಂಡತಿ ಶಮ್ಮಾ. ಇಬ್ಬರೂ ಹುಟ್ಟಿದ್ದು ಅದೇ ಕ್ಲಿನಿಕ್ಕಿನಲ್ಲಿ, ಮೂರು ದಿನದ ಅಂತರದಲ್ಲಿ. ಮದುವೆಯಾಗಿ ಮೂವತ್ತು ವರ್ಷ, ನಾಲ್ಕು ಮಕ್ಕಳು. ನಾಲ್ಕು ತಿಂಗಳ ಹಿಂದೆ ಮೊಮ್ಮಗನ ಹೆಸರಿಡುವ ಊಟದಲ್ಲಿ ಸಯೀದರ ಮುದಿ ಸೋದರತ್ತೆ, ನೆನಪು ಮಾಸಿದ ಹೆಂಗಸು, ಎಲ್ಲರ ಎದುರು ಹೇಳಿಬಿಟ್ಟಿದ್ದಳು: ನೀವಿಬ್ಬರೂ ಒಂದೇ ಎದೆಯ ಹಾಲು ಕುಡಿದವರು. ಶಮ್ಮಾಳ ತಾಯಿಗೆ ಹೆತ್ತ ಮೇಲೆ ಜ್ವರ ಬಂದಿತ್ತು. ಪಕ್ಕದ ಹಾಸಿಗೆಯಲ್ಲಿದ್ದ ಸಯೀದರ ತಾಯಿ ಆ ಮಗುವಿಗೂ ಹಾಲು ಕೊಟ್ಟಳು. ಅತ್ತೆಗೆ ಅಷ್ಟೇ ನೆನಪು. ಎಷ್ಟು ಸಲ ಎಂದು ಕೇಳಿದರೆ ನಗುತ್ತಾಳೆ.

ನನಗೆ ಅರ್ಥವಾಗಲಿಲ್ಲ. “ಹಾಲು ಕೊಟ್ಟರೆ ಎಂತ ಆಯ್ತು?” ಎಂದೆ.

ಹಮೀದ್ ಕುರ್ಚಿ ಹತ್ತಿರ ಎಳೆದ. “ನಮ್ಮಲ್ಲಿ ಹಾಲು ಅಂದ್ರೆ ರಕ್ತ ಇದ್ದ ಹಾಗೆ ಬಾಯಮ್ಮ. ಬೇರೆ ಹೆಂಗಸಿನ ಹಾಲು ಐದು ಸಲ ಹೊಟ್ಟೆ ತುಂಬ ಕುಡಿದ್ರೆ ಅವಳೇ ತಾಯಿ, ಅವಳ ಮಕ್ಕಳು ಅಣ್ಣತಂಗಿ. ಮತ್ತೆ ಮದುವೆ ಹರಾಮ್. ಮೂವತ್ತು ವರ್ಷ ಆದ್ರೂ ಹರಾಮ್, ಗೊತ್ತಾದ ದಿನವೇ ಖಲಾಸ್. ನಾಲ್ಕು ಸಲ ಆದ್ರೆ ಎಂತದೂ ಇಲ್ಲ.”

“ನಾಲ್ಕಕ್ಕೂ ಐದಕ್ಕೂ ಅಷ್ಟು ವ್ಯತ್ಯಾಸವಾ?”

“ಅಷ್ಟೇ ವ್ಯತ್ಯಾಸ.”

ಅವರು ಮಸೀದಿಯ ಧರ್ಮಗುರು ಶೇಖ್ ಅವರನ್ನು ಕೇಳಿದ್ದರು. ಬರೀ ಸಂಶಯದಿಂದ ಮದುವೆ ಮುರಿಯುವುದಿಲ್ಲ, ಮನೆಗೆ ಹೋಗಿ ಎಂದು ಶೇಖ್ ಹೇಳಿದ್ದರು. ಸಯೀದ್ ಒಪ್ಪಿದ್ದರು. ಶಮ್ಮಾ ಒಪ್ಪಲಿಲ್ಲ. ಅದೇ ದಿನ ಬಟ್ಟೆ ಕಟ್ಟಿಕೊಂಡು ತಮ್ಮನ ಮನೆಗೆ ಹೋದವಳು ಗಂಡನ ಎದುರು ಈಗ ಪರಪುರುಷನ ಎದುರಿನ ಹಾಗೆ ಮುಖಕ್ಕೂ ಬಟ್ಟೆ ಎಳೆದುಕೊಳ್ಳುತ್ತಾಳಂತೆ. ‘ಎಷ್ಟು ಸಲ ಎಂದು ನನಗೆ ಲೆಕ್ಕ ತಂದು ಕೊಡು, ಆಮೇಲೆ ಬರುತ್ತೇನೆ ಅಥವಾ ಬರುವುದಿಲ್ಲ’ ಎಂದು ತಮ್ಮನ ಕೈಲಿ ಹೇಳಿ ಕಳಿಸಿದ್ದಳು. ಇಬ್ಬರ ತಾಯಂದಿರೂ ತೀರಿಹೋಗಿದ್ದಾರೆ. ಉಳಿದಿರುವುದು ಉಮ್ ವರಕಾಳ ಪುಸ್ತಕ ಮಾತ್ರ.

“ಆಕೆ ಪ್ರತಿಯೊಂದನ್ನೂ ಬರೆಯುತ್ತಿದ್ದಳಂತೆ,” ಎಂದರು ಸಯೀದ್, ಈ ಸಲ ನೇರ ನನಗೆ ಹಿಂದಿಯಲ್ಲಿ. “ಮಗು ಬೇರೆಯವಳ ಹಾಲು ಎಷ್ಟು ಸಲ ಕುಡಿಯಿತು ಎಂದೂ ಗೆರೆ ಎಳೆಯುತ್ತಿದ್ದಳು ಎಂದು ನನ್ನ ತಾಯಿ ಹೇಳಿ ನಗುತ್ತಿದ್ದಳು.”

ಗೆರೆ. ಕಂಪ್ಯೂಟರಿನಲ್ಲಿ ಹುಡುಕುವ ಅಗತ್ಯವೇ ಇರಲಿಲ್ಲ. ಆದರೂ ಕೈ ತಾನಾಗಿ ಹುಡುಕಿತು. ಪೆಟ್ಟಿಗೆ ಹನ್ನೊಂದು: ನಾಶಪಡಿಸಲಾಗಿದೆ. ಕೆಳಗೆ ನನ್ನ ಸಹಿ, ದುಂಡಗೆ, ಸ್ಪಷ್ಟವಾಗಿ, ಬೋರ್ಡಿಂಗಿನಲ್ಲಿ ಕಲಿಸಿದ ಹಾಗೆ.

ಹಮೀದ್ ನೆಲ ನೋಡುತ್ತ ಕುಳಿತಿದ್ದ. ಬಾಯಿ ತೆರೆದು ಬೈದಿದ್ದರೆ ಒಳ್ಳೆಯದಿತ್ತು.

ಕಾಮಿಲ್ ಸಾಹೇಬರು ಅಷ್ಟರಲ್ಲಿ ನಿವೃತ್ತರಾಗಿ ಊರಿಗೆ ಹೋಗಿದ್ದರು. ಹೊಸ ಮ್ಯಾನೇಜರ್ ನನ್ನ ಮಗಳ ವಯಸ್ಸಿನವಳು. ಒಳಗೆ ಹೋಗಿ ಹೇಳಿದೆ. ಆಕೆ ಪರದೆಯಿಂದ ಕಣ್ಣು ತೆಗೆಯದೆ, ‘ದಾಖಲೆ ಪತ್ತೆಯಾಗಿಲ್ಲ’ ಎಂದು ಬರೆದುಕೊಡಿ ಎಂದಳು. ಅದು ಸುಳ್ಳಲ್ಲವೇ ಎಂದೆ. “ಪತ್ತೆಯಾಗಿಲ್ಲ ತಾನೆ ಆಂಟಿ?” ಎಂದಳು. ನಿಯಮದ ಪ್ರಕಾರ ಆಕೆ ಹೇಳಿದ್ದರಲ್ಲಿ ತಪ್ಪು ಹುಡುಕಲು ನನಗೆ ಆಗಲಿಲ್ಲ. ಅಂಥ ಉತ್ತರಗಳನ್ನು ನಾನೇ ಎಷ್ಟೋ ಜನರಿಗೆ ಕೊಟ್ಟಿದ್ದೆ.

ಕೌಂಟರಿಗೆ ವಾಪಸ್ ಬಂದೆ. ಸಯೀದ್ ಎದ್ದು ನಿಂತಿದ್ದರು. ನನ್ನ ಕೈಯಲ್ಲಿ ಪುಸ್ತಕವಿದೆಯೇ ಎಂದು ಮೊದಲು ಕೈ ನೋಡಿದರು, ಆಮೇಲೆ ಮುಖ ನೋಡಿದರು.

“ಇತ್ತು,” ಎಂದೆ ಹಿಂದಿಯಲ್ಲಿ. “ನಾನು ಹಾಳು ಮಾಡಿದೆ. ನಂಬರ್ ಇಲ್ಲವೆಂದು ಯಂತ್ರಕ್ಕೆ ಹಾಕಿಸಿದೆ. ಇವನು ಬೇಡ ಎಂದಿದ್ದ. ನಾನು ಕೇಳಲಿಲ್ಲ.”

ಹಮೀದ್ ಅರಬ್ಬಿಗೆ ತಿರುಗಿಸಲು ಬಾಯಿ ತೆರೆದ; ಬೇಕಾಗಲಿಲ್ಲ. ಸಯೀದ್ ಕುಳಿತುಕೊಂಡರು. ತಸ್ಬಿಯ ಜಪಮಣಿಗಳನ್ನು ಎಣಿಸದೆ ಮುಷ್ಟಿಯಲ್ಲಿ ಹಿಡಿದುಕೊಂಡರು. ಆಮೇಲೆ ಹಮೀದನ ಹತ್ತಿರ ಏನೋ ಕೇಳಿದರು.

“ಎಂತ ಕೇಳ್ತಾರೆ?”

“ನೀವು ಅದನ್ನ ಓದಿದ್ರಾ ಅಂತ.”

ಓದಿದ್ದೆ. ಅದೇ ಕಷ್ಟ. ಆ ಪುಟಗಳು ಕಣ್ಣ ಮುಂದೆ ಬರುತ್ತಿದ್ದವು, ಆದರೆ ಇವರದ್ದು ಯಾವುದು ಎಂದು ಯಾರು ಹೇಳಬೇಕು? ಎಷ್ಟೋ ಫಾತಿಮಾಗಳು, ಎಷ್ಟೋ ಒಂಟೆಯ ಗುರುತುಗಳು. ಆಗ ಮೊದಲ ಪುಟ ನೆನಪಾಯಿತು. ಒಂದು ಇಲ್ಲಿ, ಒಂದು ತಾಯಿಗೆ.

“ಬ್ಯಾರೀ, ಕೇಳು ಅವರಲ್ಲಿ. ಆಕೆ ತಾಯಂದಿರಿಗೆ ಕಾಗದ ಕೊಡ್ತಿದ್ದರಾ?”

ಅರಬ್ಬಿಯಲ್ಲಿ ವರಕಾ ಎಂದರೆ ಕಾಗದ, ಉಮ್ ಎಂದರೆ ತಾಯಿ ಎಂದು ಹಮೀದ್ ಆಮೇಲೆ ಹೇಳಿದ. ಮಿಸ್ ಎಡಿತ್ ಅವರಿಗೆ ಜನ ಇಟ್ಟ ಹೆಸರೇ ಕಾಗದದ ತಾಯಿ. ಹೌದು ಎಂದರು ಸಯೀದ್, ಮಗು ಎತ್ತಿಕೊಂಡು ಹೊರಡುವ ಪ್ರತಿಯೊಬ್ಬಳ ಕೈಗೂ ಒಂದು ಚೀಟಿ. ಓದಲು ಬಾರದ ಹೆಂಗಸರು ಅದನ್ನು ಏನು ಮಾಡುತ್ತಿದ್ದರು?

ಸಯೀದರಿಗೆ ಗೊತ್ತಿರಲಿಲ್ಲ. ತಾಯಿಯ ಹಳೆ ಮನೆ ಕೆಡವಿ ಎಷ್ಟೋ ಕಾಲವಾಗಿತ್ತು. ಹಮೀದನಿಗೆ ಗೊತ್ತಿತ್ತು. ಹದಿನೆಂಟು ವರ್ಷ ಆ ಮನೆಗಳ ಮುದುಕಿಯರನ್ನು ಕಾರಿನಲ್ಲಿ ಕೂರಿಸಿ ತಿರುಗಿದವನು. “ಬರೆದ ಕಾಗದ ಯಾವುದೇ ಆಗ್ಲಿ, ಅವ್ರು ನೆಲಕ್ಕೆ ಬಿಸಾಡುದಿಲ್ಲ. ಹಿರ್ಜಿಗೆ ಹಾಕ್ತಾರೆ,” ಎಂದ. ಹಿರ್ಜ್ ಎಂದರೆ ಕೊರಳಿಗೆ ಹಾಕುವ ಬೆಳ್ಳಿಯ ಸಣ್ಣ ಕರಡಿಗೆ. ಒಳಗೆ ಪವಿತ್ರ ವಾಕ್ಯ ಇಟ್ಟು ಮುಚ್ಚಿರುತ್ತಾರೆ. ಒಮ್ಮೆ ಮುಚ್ಚಿದರೆ ತೆರೆಯುವ ಪದ್ಧತಿಯಿಲ್ಲ.

ಅದನ್ನು ಕೇಳಿ ಸಯೀದ್ ಎದ್ದು ಹೊರಗೆ ಹೋಗಿ ಶಮ್ಮಾಳ ತಮ್ಮನಿಗೆ ಫೋನು ಮಾಡಿದರು. ವಾಪಸ್ ಬಂದಾಗ ಅವರ ಧ್ವನಿ ಏರಿತ್ತು. ಶಮ್ಮಾಳ ತಾಯಿಯ ಹಿರ್ಜ್ ಶಮ್ಮಾಳ ಬಳಿಯೇ ಇದೆ. ಮದುವೆಯ ದಿನ ತಾಯಿ ತಾನೇ ಅವಳ ಕೊರಳಿಗೆ ಹಾಕಿದ್ದಳು. ಮೂವತ್ತು ವರ್ಷ ಅವರ ಮನೆಯ ಕಪಾಟಿನಲ್ಲಿ, ಈಗ ನಾಲ್ಕು ತಿಂಗಳಿಂದ ತಮ್ಮನ ಮನೆಗೆ ಹೊತ್ತುಕೊಂಡು ಹೋದ ಬಟ್ಟೆಯ ಗಂಟಿನಲ್ಲಿ.

ಗುರುವಾರ ಹತ್ತು ಗಂಟೆಗೆ ಬಂದರು. ಅವಳು ತಮ್ಮನ ಕಾರಿನಲ್ಲಿ, ಸಯೀದ್ ತಮ್ಮ ಕಾರಿನಲ್ಲಿ. ನನ್ನ ಕೋಣೆಯಲ್ಲಿ ಅವಳು ಮೇಜಿನ ಈ ತುದಿಗೆ, ಅವರು ಆ ತುದಿಗೆ. ಶಮ್ಮಾ ದೊಡ್ಡ ಆಳು, ದೊಡ್ಡ ಧ್ವನಿ. ಮುಖ ಮುಚ್ಚಿದ್ದರೂ ಕಣ್ಣಲ್ಲಿ ಸಿಟ್ಟು ಕಾಣುತ್ತಿತ್ತು. ಹಿರ್ಜನ್ನು ಮೇಜಿನ ಮೇಲೆ ಇಟ್ಟಳು, ಆದರೆ ಕೈ ತೆಗೆಯಲಿಲ್ಲ.

“ಇದರಲ್ಲಿ ಖುರಾನ್ ಇದ್ದರೆ?” ಎಂದಳು. ಹಮೀದ್ ನನಗೆ ಹೇಳಿದ.

“ಇದ್ದರೆ ಮುತ್ತಿಟ್ಟು ಪುನಃ ಮುಚ್ಚುವ ಅಂತ ಹೇಳು.”

“ಐದು ಇದ್ದರೆ?” ಇದನ್ನು ಅವಳು ಹಮೀದನನ್ನಾಗಲಿ ನನ್ನನ್ನಾಗಲಿ ಕೇಳಲಿಲ್ಲ. ಸಯೀದರನ್ನು ನೋಡಿ ಹೇಳಿದಳು. ಅವರು ಕಿಟಕಿಯ ಕಡೆ ತಿರುಗಿದರು. ನಾಲ್ಕು ತಿಂಗಳಲ್ಲಿ ಅವಳು ಅವರೊಡನೆ ಆಡಿದ ಮೊದಲ ಮಾತು ಅದಂತೆ.

ಮುಚ್ಚಳವನ್ನು ಅರಗು ಹಾಕಿ ಕೂರಿಸಿದ್ದರು. ಹಮೀದನ ಚಾವಿಗೆ ಬರಲಿಲ್ಲ. ಕೊನೆಗೆ ಫೈಲುಗಳ ಪಿನ್ನು ಕೀಳುವ ನನ್ನ ಇಕ್ಕಳದಿಂದ ಸುತ್ತಲೂ ಕೆರೆದು ತೆಗೆದೆ. ಇಪ್ಪತ್ತೇಳು ವರ್ಷ ಬಳಸಿದ ಇಕ್ಕಳ. ಒಳಗೆ ಮೇಣದ ಬಟ್ಟೆಯಲ್ಲಿ ಸುತ್ತಿದ ಕಾಗದ. ಬೀಡಿಯಷ್ಟು ಸಣ್ಣ ಸುರುಳಿ. ಬಿಡಿಸಿದೆ. ಪೆನ್ಸಿಲು.

ಆ ಕೈಬರಹವನ್ನು ನಾನು ಎಲ್ಲಿ ನೋಡಿದ್ದರೂ ಗುರುತಿಸುತ್ತಿದ್ದೆ. ತಾಯಿಯ ಹೆಸರು ಫಾತಿಮಾ. ಪಕ್ಕದಲ್ಲಿ ಒಂದು ಕೊಕ್ಕೆ, ಎರಡು ಚುಕ್ಕೆ. ಹೆಣ್ಣು ಮಗು. ತೂಕ. ತಾಯಿಗೆ ಜ್ವರ, ಹಾಲಿಲ್ಲ. ಹಾಲು ಕೊಟ್ಟವಳು: ಇಲ್ಲಿ ಹೆಸರಿನ ಜೊತೆ ಬೇರೊಂದು ಗುರುತು, ಬಾಗಿದ ಶಿಲುಬೆಯಂಥದ್ದು. ಸಯೀದ್ ಅದನ್ನು ನೋಡಿ, “ನಮ್ಮದು,” ಎಂದರು. ಅದರ ಮುಂದೆ ಗೆರೆಗಳು.

ನಾನು ಬೆರಳಿಟ್ಟು ಎಣಿಸಿದೆ. ನಾಲ್ಕು. ಮತ್ತೊಮ್ಮೆ ಎಣಿಸಿದೆ. ನಾಲ್ಕು ನಿಂತ ಗೆರೆ, ಅಡ್ಡಗೆರೆ ಇಲ್ಲ.

“ಅರ್ಬಾ,” ಎಂದೆ. ನಾಲ್ಕು. ನನಗೆ ಬರುವ ಹತ್ತಿಪ್ಪತ್ತು ಅರಬ್ಬಿ ಮಾತುಗಳಲ್ಲಿ ಅದೊಂದು.

ಶಮ್ಮಾ ಕಾಗದವನ್ನು ಕಿತ್ತುಕೊಂಡಳು. ಓದಲು ಬಾರದ ಇಂಗ್ಲಿಷನ್ನು ದಿಟ್ಟಿಸಿದಳು, ಗೆರೆಗಳ ಮೇಲೆ ಉಗುರು ಎಳೆದಳು. ಆಮೇಲೆ ಅವಳು ಕೇಳಿದ್ದು ಯಾವ ಕಡತಗಾರನೂ ಕೇಳಬೇಕಾದ ಪ್ರಶ್ನೆ. “ಐದನೆಯದನ್ನು ಬರೆಯಲು ಮರೆತಿದ್ದರೆ?”

ಹಮೀದ್ ಅವಳ ಕೈಯಲ್ಲಿದ್ದ ಕಾಗದದ ಕಡೆ ಬಗ್ಗಿದ. ಬೆಳಕಿಗೆ ಹಿಂಬದಿಯಲ್ಲಿ ಏನೋ ಕಾಣುತ್ತಿತ್ತು. ಕಾಗದ ತಿರುಗಿಸಿದರೆ ಅಲ್ಲಿ ಅರಬ್ಬಿ. ಮಕ್ಕಳು ಬರೆದ ಹಾಗೆ ದೊಡ್ಡ ದೊಡ್ಡ ಅಕ್ಷರ, ತಪ್ಪು ತಪ್ಪಾಗಿ. ಹಮೀದ್ ಮೊದಲು ಅರಬ್ಬಿಯಲ್ಲಿ ಗಟ್ಟಿಯಾಗಿ ಓದಿದ. ಶಮ್ಮಾ ಮುಖದ ಬಟ್ಟೆ ಸರಿದದ್ದನ್ನೂ ಗಮನಿಸದೆ ಕುಳಿತಲ್ಲೇ ಬಾಯಿ ಮೇಲೆ ಕೈ ಇಟ್ಟುಕೊಂಡಳು. ಆಮೇಲೆ ಹಮೀದ್ ನನ್ನ ಕಡೆ ತಿರುಗಿ ಹೇಳಿದ, ಒಂದೊಂದೇ ಮಾತು:

“ನಾಲ್ಕು ಸಲ. ಐದನೆಯದನ್ನು ನಾನು ಕೊಡಲು ಬಿಡಲಿಲ್ಲ. ಮತ್ತೆ ಡಬ್ಬಿಯ ಹಾಲು, ಚಮಚದಲ್ಲಿ, ನನ್ನ ಕೈಯಿಂದ. ಇವರಿಬ್ಬರು ಅಣ್ಣತಂಗಿ ಅಲ್ಲ.”

ನನಗೆ ಆ ರಿಜಿಸ್ಟರುಗಳು ಕಣ್ಣಿಗೆ ಕಟ್ಟಿದವು. ಎರಡು, ಮೂರು, ನಾಲ್ಕು, ನಾಲ್ಕು, ನಾಲ್ಕು. ಪುಟದಿಂದ ಪುಟಕ್ಕೆ. ಎಣಿಸಲು ಬಾರದವರು ಎಂದು ನಾನು ನಕ್ಕ ಆ ಹೆಂಗಸು, ಇವರ ಧರ್ಮ ಬದಲಿಸಲೆಂದೇ ಸಮುದ್ರ ದಾಟಿ ಬಂದ ಹೆಂಗಸು, ಇವರ ಧರ್ಮದ ಲೆಕ್ಕವನ್ನು ಪ್ರತಿ ಮಗುವಿನ ಹಾಸಿಗೆಯ ಪಕ್ಕ ಕುಳಿತು ಕಾಯುತ್ತಿದ್ದರು. ಅಳುವ ಮಗುವನ್ನು ನಾಲ್ಕನೆಯದಾದ ಮೇಲೆ ಬೇರೆ ತಾಯಿಯ ಎದೆಯಿಂದ ಎತ್ತಿಕೊಂಡು ಚಮಚದಲ್ಲಿ ಹಾಲು ಹಾಕುತ್ತಿದ್ದರು, ಮುಂದೆ ಎಂದೋ ದೊಡ್ಡವರಾದಾಗ ಅವರ ದಾರಿ ಮುಚ್ಚಬಾರದೆಂದು.

ಶಮ್ಮಾ ಎದ್ದಳು. ಕಾಗದವನ್ನು ಸುತ್ತಿ ಕರಡಿಗೆಗೆ ಹಾಕಿ, ಕರಡಿಗೆಯನ್ನು ಕೊರಳಿಗೆ ಹಾಕಿಕೊಂಡಳು. ಸಯೀದರ ಕಡೆ ನೋಡಿ ಏನೋ ಗದರಿದಳು. ಅವರು ಮುಖ ಒರೆಸಿಕೊಳ್ಳುತ್ತ ನಗಲು ಶುರು ಮಾಡಿದರು.

“ಎಂತ ಹೇಳಿದ್ಲು?” ಎಂದೆ ಹಮೀದನಿಗೆ.

“ನಾಲ್ಕು ತಿಂಗಳು ಮನೆ ಹೇಗೆ ಇಟ್ಟಿದ್ದಿ ಅಂತ ನೋಡ್ತೇನೆ, ಯಲ್ಲಾ ನಡಿ, ಅಂತ.”

ಅವಳು ತಮ್ಮನ ಕಾರು ಹತ್ತಲಿಲ್ಲ.

ಅವರಿಬ್ಬರೂ ಆಮೇಲೆ ಎರಡು ಮೂರು ಸಲ ಖರ್ಜೂರ ಹಿಡಿದುಕೊಂಡು ಬಂದರು. ಆಗ ಕೇಳಿ ಕೇಳಿ ಕೂಡಿಸಿದ್ದು ಇಷ್ಟು. ಮಿಸ್ ಎಡಿತ್ ಬಂದದ್ದು ದೋಣಿಯಲ್ಲಿ, ಎರಡು ಟ್ರಂಕು ಮತ್ತು ಒಂದು ಸೀಮೆಎಣ್ಣೆ ಸ್ಟೌ ಹಿಡಿದುಕೊಂಡು. ಮೊದಲ ಆಸ್ಪತ್ರೆ ಎಂದರೆ ಖರ್ಜೂರದ ಗರಿಯ ಗುಡಿಸಲು. ಬೆಳಿಗ್ಗೆ ಬಾಗಿಲು ತೆರೆಯುವ ಮೊದಲು ಸುವಾರ್ತೆ ಓದುವುದು ಕಡ್ಡಾಯ. ಜನ ಮರ್ಯಾದೆಗೆ ಕೇಳಿ, ಮುಗಿದ ಮೇಲೆ ತಮ್ಮ ಪ್ರಾರ್ಥನೆ ಮಾಡಿಕೊಳ್ಳುತ್ತಿದ್ದರು. ಒಬ್ಬರೂ ಮತ ಬದಲಿಸಲಿಲ್ಲ. ಸಿಟ್ಟಿನ ಹೆಂಗಸು, ಕೈ ತೊಳೆಯದೆ ಮಗು ಮುಟ್ಟಿದ ಅಜ್ಜಿಯರಿಗೆ ಬೆರಳ ಗಂಟಿಗೆ ಹೊಡೆಯುತ್ತಿದ್ದರು. ಐದರ ಲೆಕ್ಕವನ್ನು ಆಕೆಗೆ ಕಲಿಸಿದ್ದು ಹಾಗೆ ಹೊಡೆಸಿಕೊಂಡ ಅಜ್ಜಿಯೊಬ್ಬಳೇ ಇರಬೇಕು ಎಂದು ಶಮ್ಮಾ ಹೇಳಿದಳು. ತಾಯಂದಿರಿಬ್ಬರಿಗೂ ಲೆಕ್ಕ ಗೊತ್ತಿತ್ತು. ಅದಕ್ಕೇ ಮದುವೆಗೆ ಖುಷಿಯಿಂದ ಒಪ್ಪಿದ್ದರು. ಸರ್ಕಾರಿ ಆಸ್ಪತ್ರೆಗಳು ಬಂದ ಮೇಲೆ ಆಕೆ ಅದೇ ಎರಡು ಟ್ರಂಕು ಹಿಡಿದುಕೊಂಡು ಹೋದರು. ಎಲ್ಲಿ ತೀರಿಕೊಂಡರು ಎಂದು ಇಲ್ಲಿ ಯಾರಿಗೂ ತಿಳಿಯದು.

ಶಮ್ಮಾ ಚೀಟಿಯ ಎರಡೂ ಬದಿಗಳ ಪ್ರತಿ ಮಾಡಿಕೊಳ್ಳಲು ಒಪ್ಪಿದಳು. ಅದಕ್ಕೊಂದು ಫೈಲು ಮಾಡಿದೆ. ಹೊದಿಕೆಯ ಮೇಲೆ ನಂಬರ್ ಬರೆಯುವ ಜಾಗದಲ್ಲಿ ಪೆನ್ನು ಇಟ್ಟು ಸುಮ್ಮನೆ ಕುಳಿತಿದ್ದೆ. ಹಮೀದ್ ಬಾಗಿಲಲ್ಲಿ ನಿಂತು ನೋಡುತ್ತಿದ್ದ.

“ಒಂಟೆಗೆ ಫೈಲು ಮಾಡುವ ಆಸ್ಪತ್ರೆ ಇದೇನಾ ಬಾಯಮ್ಮ?” ಎಂದ.

ನಾನು ಒಂದು ಕೊಕ್ಕೆ ಮತ್ತು ಎರಡು ಚುಕ್ಕೆ ಬರೆದೆ.

ಆ ಫೈಲು ಈಗಲೂ ಅಲ್ಲಿದೆ, ಬಾಗಿಲ ಎಡಕ್ಕೆ ಮೇಲಿನ ಅರೆಯಲ್ಲಿ. ನಿಮ್ಮಲ್ಲಿ ಯಾರಿಗಾದರೂ ಸಿಕ್ಕಿದರೆ ನಂಬರ್ ಹಾಕಬೇಡಿ. ಅದರ ಪಕ್ಕದಲ್ಲಿ ಜಾಗ ಬಿಡಿ. ಮೂರು ರಿಜಿಸ್ಟರುಗಳ ತುಂಬ ಇದ್ದ ಉಳಿದ ಮಕ್ಕಳು ಇನ್ನೂ ಬಂದಿಲ್ಲ.